ಮನೆಯ ನಕ್ಷೆಯಲ್ಲಿ ‘ನಾವು’ ಎಂದರೆ ಯಾರು?

ಕಳೆದ ಬೇಸಿಗೆಯ ಒಂದು ಭಾನುವಾರ, ಬಲಿಪೂಜೆ ಮುಗಿಸಿಕೊಂಡು ಮನೆಗೆ ಬಂದಾಗ, ನನ್ನ ತಮ್ಮನ ಮಗ ಮತ್ತು ಅವನ ಹೆಂಡತಿ ಎರಡು ದೊಡ್ಡ ಕಾಗದದ ಸುರುಳಿಗಳನ್ನು ಹಿಡಿದು ನನಗಾಗಿ ಕಾದಿದ್ದರು. ನಗರದ ಹೊರವಲಯದಲ್ಲಿ ಅವರು 30x40ರ ನಿವೇಶನವೊಂದನ್ನು ಕೊಂಡು ಎರಡು ವರ್ಷಗಳಾಗಿದ್ದವು. ಬ್ಯಾಂಕಿನ ಸಾಲ ಮಂಜೂರಾಗಿತ್ತು. ಎಂಜಿನಿಯರು ಎರಡು ಬಗೆಯ ನಕ್ಷೆಗಳನ್ನು ಬರೆದುಕೊಟ್ಟಿದ್ದರು. “ದೊಡ್ಡಪ್ಪ, ಇವೆರಡರಲ್ಲಿ ನಮ್ಮ ಜೀವನಶೈಲಿಗೆ ಯಾವುದು ಒಪ್ಪುತ್ತದೆ, ನೀವೇ ನೋಡಿ ಹೇಳಿ” ಎಂದು ಅವನು ಕೇಳಿದ.

ನಕ್ಷೆಗಳು ಅಚ್ಚುಕಟ್ಟಾಗಿಯೇ ಇದ್ದವು. ನೆಲಮಟ್ಟದಲ್ಲಿ ಕಾರಿಗೆ ಜಾಗ, ವಿಶಾಲವಾದ ಪಡಸಾಲೆ, ಅಡುಗೆಮನೆ, ಒಂದು ಆಫೀಸ್ ಕೋಣೆ. ಮೊದಲನೆಯ ಮಹಡಿಯಲ್ಲಿ ಗಂಡಹೆಂಡಿರಿಗೆ ಒಂದು ಕೋಣೆ, ಮಕ್ಕಳಿಬ್ಬರಿಗೆ ಒಂದೊಂದು ಕೋಣೆ. ಅದರ ಮೇಲೆ ತಾರಸಿ ಮತ್ತು ಅತಿಥಿಗಳಿಗೆಂದು ಒಂದು ಗೆಸ್ಟ್ ರೂಮ್. ಎಲ್ಲವನ್ನೂ ನೋಡಿದ ಮೇಲೆ ನಾನು ಕೇಳಿದೆ: “ಅಮ್ಮನ ಕೋಣೆ ಯಾವುದಪ್ಪ?”

“ಅಮ್ಮನಿಗೆ ಮೇಲೆ ಗೆಸ್ಟ್ ರೂಮ್ ಇದೆಯಲ್ಲ ದೊಡ್ಡಪ್ಪ. ಒಳ್ಳೆಯ ಗಾಳಿ, ಬೆಳಕು.”

ನನ್ನ ತಮ್ಮ ತೀರಿಕೊಂಡ ಮೇಲೆ ಅವನ ಹೆಂಡತಿ ಊರಿನಲ್ಲಿ ಒಬ್ಬರೇ ಇದ್ದಾರೆ. ಹೊಸ ಮನೆಯಾದ ಕೂಡಲೇ ಅವರು ಮಗನೊಡನೆ ಬಂದು ನೆಲೆಸಬೇಕೆಂಬುದು ಎಲ್ಲರೂ ಕೂಡಿ ಮಾಡಿದ ತೀರ್ಮಾನ. ವಯಸ್ಸು ಅರವತ್ತೆಂಟು, ಮಂಡಿಯ ನೋವು ಬೇರೆ. ಹುಡುಗನ ಮಾತಿನಲ್ಲಿ ಅಗೌರವವಿರಲಿಲ್ಲ, ಪ್ರೀತಿಯ ಕೊರತೆಯೂ ಇರಲಿಲ್ಲ. ‘ನಮ್ಮ ಜೀವನಶೈಲಿ’ ಎಂದಾಗ ಆ ‘ನಮ್ಮ’ ಎಂಬ ಪದದೊಳಕ್ಕೆ ತಾಯಿ ಇನ್ನೂ ಬಂದಿರಲಿಲ್ಲ, ಅಷ್ಟೆ. ನಾನು ಅವನನ್ನು ಗದರಿಸಲಿಲ್ಲ. ಗದರಿಸುವ ಅರ್ಹತೆ ನನಗಿರಲಿಲ್ಲ.

ಹದಿನೇಳು ಮೆಟ್ಟಿಲುಗಳು

1994ರಲ್ಲಿ ನಾನು ಮನೆ ಕಟ್ಟಿಸಿದಾಗ ನನ್ನ ತಾಯಿಯವರಿಗೆ ಮಹಡಿಯ ಮೇಲೆ ಕೋಣೆ ಮಾಡಿಸಿದೆ. ಅದಕ್ಕೆ ಹೊಂದಿಕೊಂಡ ಬಚ್ಚಲುಮನೆ, ಪೂರ್ವಕ್ಕೆ ಕಿಟಕಿ, ಕೆಳಗಿನ ಗದ್ದಲ ಮುಟ್ಟದ ಪ್ರಶಾಂತತೆ. ನೋಡಿದವರೆಲ್ಲರೂ ಮೆಚ್ಚಿಕೊಂಡರು. ಕೆಳಗೆ 14x20 ಅಡಿಯ ಪಡಸಾಲೆ, ಅಂದರೆ 280 ಚದರಡಿ. ಹಿಂಭಾಗದಲ್ಲಿ 8x9 ಅಡಿಯ ಅಡುಗೆಮನೆ, 72 ಚದರಡಿ. ಆಗ ಈ ಲೆಕ್ಕವನ್ನು ನಾನು ಹೀಗೆ ಪಕ್ಕಪಕ್ಕದಲ್ಲಿಟ್ಟು ನೋಡಿರಲಿಲ್ಲ.

ಮೊದಲೆರಡು ವರ್ಷ ತಾಯಿಯವರು ದಿನಕ್ಕೆ ಮೂರು ನಾಲ್ಕು ಸಲ ಕೆಳಗೆ ಬರುತ್ತಿದ್ದರು. ಆಮೇಲೆ ಅದು ಎರಡಕ್ಕೆ ಇಳಿಯಿತು, ಮುಂದೆ ಒಂದಕ್ಕೆ ನಿಂತಿತು. ಹದಿನೇಳು ಮೆಟ್ಟಿಲುಗಳು. ಕೊನೆಗೆ ನಾವೇ ಊಟವನ್ನು ಮೇಲಕ್ಕೆ ಕೊಂಡೊಯ್ಯತೊಡಗಿದೆವು, ಅದನ್ನು ಸೇವೆಯೆಂದೇ ಭಾವಿಸಿದೆವು. ಸಂಜೆಯ ಜಪಸರವನ್ನು ಕೆಳಗೆ ಪಡಸಾಲೆಯಲ್ಲಿ ಹೇಳುತ್ತಿದ್ದೆವು. ತಾಯಿಯವರು ಮಹಡಿಯ ಮೆಟ್ಟಿಲ ತಲೆಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತು ಅಲ್ಲಿಂದಲೇ ಉತ್ತರ ಹೇಳುತ್ತಿದ್ದರು. ನಮ್ಮ ಧ್ವನಿ ಮುಗಿದ ಮೇಲೆ ಅವರ ಧ್ವನಿ ಸ್ವಲ್ಪ ತಡವಾಗಿ ಮೇಲಿನಿಂದ ಬರುತ್ತಿತ್ತು. ಮಕ್ಕಳಿಗೆ ಅದು ತಮಾಷೆಯಾಗಿತ್ತು. ನನಗೂ ಅದರಲ್ಲಿ ಏನೂ ತಪ್ಪು ಕಂಡಿರಲಿಲ್ಲ.

ಅವರನ್ನು ನಾವು ಯಾರೂ ದೂರವಿಡಲಿಲ್ಲ. ದೂರವಿಟ್ಟದ್ದು ನಕ್ಷೆ. ಆದರೆ ಆ ನಕ್ಷೆಗೆ ಸಹಿ ಹಾಕಿದವನು ನಾನು.

ಕೊನೆಯ ಎಂಟು ತಿಂಗಳು ಅವರಿಗೆ ಮೆಟ್ಟಿಲು ಹತ್ತಿಳಿಯುವುದು ಸಾಧ್ಯವೇ ಇಲ್ಲವೆಂದು ವೈದ್ಯರು ಹೇಳಿದಾಗ, ಬೇರೆ ದಾರಿ ಕಾಣದೆ ಪಡಸಾಲೆಯ ಒಂದು ಮೂಲೆಗೆ ಮಂಚ ಹಾಕಿದೆವು. “ಬಂದವರು ಏನೆಂದುಕೊಳ್ಳುತ್ತಾರೋ” ಎಂಬ ಅಳುಕು ನನಗೆ ಇದ್ದೇ ಇತ್ತು. ಮೂರನೆಯ ದಿನಕ್ಕೆ ಹಾಲಿನವನ ಹೆಸರು, ಅವನ ಊರು, ಅವನ ಮಕ್ಕಳ ಸಂಖ್ಯೆ ತಾಯಿಯವರಿಗೆ ಗೊತ್ತಾಗಿತ್ತು. ಒಂದು ವಾರದೊಳಗೆ ಅವರೆಕಾಯಿ ಬಿಡಿಸುವ ಕೆಲಸ ಅವರ ಮಂಚದ ಬಳಿಗೆ ಬಂತು, ಮಕ್ಕಳ ಶಾಲೆಯ ಸುದ್ದಿ ಬಂತು, ನೆರೆಯ ಹೆಂಗಸರು ಬಂದರು. ಪಡಸಾಲೆಯ ಅಂದ ಕೆಟ್ಟಿತು, ಮನೆ ಸರಿಹೋಯಿತು. ಅದನ್ನು ಆರು ವರ್ಷ ಮೊದಲೇ ಮಾಡಬಹುದಾಗಿತ್ತು ಎಂಬ ನೋವು ಮಾತ್ರ ಇಂದಿಗೂ ನನ್ನಲ್ಲಿ ಉಳಿದಿದೆ.

ಹಳೆಯ ಮನೆಯ ಬೆಳಕು ಮತ್ತು ಕತ್ತಲೆ

ಇಷ್ಟು ಹೇಳಿದ ಮೇಲೆ, ‘ಹಿಂದಿನ ಮನೆಗಳೇ ಚೆನ್ನಾಗಿದ್ದವು’ ಎಂದು ನಿಟ್ಟುಸಿರಿಡುವುದು ಸುಲಭ. ಹಳೆಯ ಮೈಸೂರು ಸೀಮೆಯ ತೊಟ್ಟಿಮನೆ, ಮಲೆನಾಡಿನ ಚೌಕಿಮನೆ, ಕೊಡಗಿನ ಐನ್‌ಮನೆ ಇವೆಲ್ಲವೂ ಜನ ಕೂಡಿ ಬಾಳುವುದಕ್ಕೆಂದೇ ಕಟ್ಟಿದವು. ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತಲೂ ಕಂಬಗಳ ಪಡಸಾಲೆ. ಮಳೆಯ ನೀರೂ ಬಿಸಿಲೂ ಮನೆಯ ನಡುವಿಗೇ ಬಂದು ಬೀಳುತ್ತಿದ್ದವು. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ತೊಟ್ಟಿಯ ಬದಿಯಲ್ಲೇ ಹಾದುಹೋಗಬೇಕು. ಹಾಗೆ ಹೋಗುವಾಗ ಅಜ್ಜಿಯನ್ನು ಕಾಣದೆ ಇರುವುದು ಯಾರಿಗೂ ಸಾಧ್ಯವಿರಲಿಲ್ಲ. ಮುಂಭಾಗದ ಜಗಲಿ ಬೀದಿಗೂ ಮನೆಗೂ ಸೇರಿದ್ದಾಗಿತ್ತು. ಅಪರಿಚಿತನೂ ಅಲ್ಲಿ ಕುಳಿತು ದಣಿವಾರಿಸಿಕೊಳ್ಳಬಹುದಾಗಿತ್ತು.

ಆದರೆ ಅದೇ ಮನೆಯ ನೆಲದ ಮೇಲೆ ಕಾಣದ ಗೆರೆಗಳೂ ಇದ್ದವು. ಯಾರು ಜಗಲಿಯ ತನಕ ಬರಬಹುದು, ಯಾರು ನಡುಮನೆಗೆ ಬರಬಹುದು, ಯಾರು ಹಿತ್ತಿಲ ಬಾಗಿಲಲ್ಲೇ ನಿಂತು ಕೈಯೊಡ್ಡಬೇಕು ಎಂಬುದನ್ನು ಹುಟ್ಟಿನ ಜಾತಿ ತೀರ್ಮಾನಿಸುತ್ತಿತ್ತು. ಹೊಗೆ ತುಂಬಿದ ಒಳ ಅಡುಗೆಮನೆಯಲ್ಲಿ ಹೆಣ್ಣುಮಕ್ಕಳ ಕಣ್ಣು ಹಾಳಾಗುತ್ತಿತ್ತು. ಹೊಸದಾಗಿ ಮದುವೆಯಾದವರಿಗೆ ಎರಡು ಮಾತಾಡಲು ಮರೆಯಿರಲಿಲ್ಲ. ಓದುವ ಹುಡುಗನಿಗೆ ದೀಪವೂ ಮೌನವೂ ಒಟ್ಟಿಗೆ ಸಿಗುತ್ತಿರಲಿಲ್ಲ. ಅಳಬೇಕೆನಿಸಿದ ಸೊಸೆ ಬಾವಿಯ ಕಟ್ಟೆಗೆ ಹೋಗಬೇಕಾಗಿತ್ತು.

ಆದ್ದರಿಂದ ಹಳೆಯದು ಒಳ್ಳೆಯದು, ಹೊಸದು ಕೆಟ್ಟದ್ದು ಎಂಬ ತೀರ್ಪು ಇಲ್ಲಿ ನಿಲ್ಲದು. ಪ್ರತಿಯೊಂದು ಮನೆಯೂ ಇಟ್ಟಿಗೆ ಗಾರೆಗಳಿಂದ ಕೆಲವು ಮಾತುಗಳನ್ನು ಹೇಳುತ್ತದೆ: ಯಾರು ಮುಖ್ಯರು, ಯಾರು ಯಾರನ್ನು ಭೇಟಿಯಾಗಬೇಕು, ಯಾರ ದುಡಿಮೆ ಕಣ್ಣಿಗೆ ಬೀಳಬಾರದು, ಬೆಳಕು ಯಾರ ಪಾಲಿಗೆ. ಬಾಯಲ್ಲಿ ಹೇಳಲು ನಾಚುವ ಮಾತನ್ನೂ ನಾವು ಗೋಡೆಯಲ್ಲಿ ಹೇಳಿಬಿಡುತ್ತೇವೆ.

ಅಡುಗೆಮನೆಯ ಪಾಠ

ಸದುದ್ದೇಶದಿಂದ ಬರೆದ ನಕ್ಷೆಯೂ ಹೀಗೆ ಅನಿರೀಕ್ಷಿತ ಫಲ ಕೊಡಬಹುದೆಂಬುದಕ್ಕೆ ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಒಂದು ಪ್ರಸಿದ್ಧ ಉದಾಹರಣೆಯಿದೆ. ಮೊದಲನೆಯ ಮಹಾಯುದ್ಧದ ನಂತರ ಅಲ್ಲಿ ಮನೆಗಳ ಕೊರತೆ ತೀವ್ರವಾಗಿತ್ತು. ನಗರಸಭೆ ಕಾರ್ಮಿಕ ಕುಟುಂಬಗಳಿಗಾಗಿ ಸಾವಿರಾರು ಮನೆಗಳನ್ನು ಕಟ್ಟಿಸತೊಡಗಿತು. ಅವುಗಳ ಅಡುಗೆಮನೆಯನ್ನು 1926ರಲ್ಲಿ ರೂಪಿಸಿದವರು ಆಸ್ಟ್ರಿಯದ ಮಹಿಳಾ ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯೂಟೆ-ಲಿಹೊಟ್ಸ್ಕಿ. ಹೆಣ್ಣಿನ ದುಡಿಮೆಯ ಹೊರೆಯನ್ನು ಇಳಿಸಬೇಕೆಂಬುದು ಅವರ ಆಶಯವಾಗಿತ್ತು. ರೈಲಿನ ಊಟದ ಬೋಗಿಗಳ ಅಡುಗೆಕೋಣೆಯನ್ನು ಅವರು ಗಮನಿಸಿದರು, ಒಂದೊಂದು ಕೆಲಸಕ್ಕೆ ಎಷ್ಟು ಹೆಜ್ಜೆ, ಎಷ್ಟು ಸಮಯ ಎಂದು ಲೆಕ್ಕ ಹಾಕಿದರು. ಕೊನೆಗೆ ಎರಡು ಮೀಟರಿಗೂ ಕಡಿಮೆ ಅಗಲದ, ಸುಮಾರು ಮೂರೂವರೆ ಮೀಟರ್ ಉದ್ದದ ಕೋಣೆಯಲ್ಲಿ ಎಲ್ಲವೂ ಕೈಗೆಟುಕುವಂತೆ ಜೋಡಿಸಿದರು. ಅಂಥ ಸುಮಾರು ಹತ್ತು ಸಾವಿರ ಅಡುಗೆಮನೆಗಳು ಅಲ್ಲಿ ನಿರ್ಮಾಣವಾದವು. ಇಂದು ನಾವು ‘ಮಾಡ್ಯುಲರ್ ಕಿಚನ್’ ಎನ್ನುವುದು ಅದರ ವಂಶದ್ದೇ.

ಹೆಜ್ಜೆಗಳು ಉಳಿದದ್ದು ನಿಜ. ಆದರೆ ಆ ಕೋಣೆಯಲ್ಲಿ ಇಬ್ಬರು ನಿಂತು ಕೆಲಸ ಮಾಡುವಂತಿರಲಿಲ್ಲ. ಗಂಡ ಬಂದು ತರಕಾರಿ ಹೆಚ್ಚಲು, ಮಗು ಬಂದು ನೆಲದ ಮೇಲೆ ಕುಳಿತು ಪಾಠ ಒಪ್ಪಿಸಲು ಜಾಗವಿಲ್ಲ. ಅಡುಗೆ ಒಬ್ಬಳ ಕೆಲಸವೆಂಬ ತೀರ್ಮಾನ ಅಳತೆಯಲ್ಲೇ ಸೇರಿಹೋಗಿತ್ತು. ಮುಂದಿನ ತಲೆಮಾರಿನ ಸ್ತ್ರೀಯರು ಆ ಅಡುಗೆಮನೆಯನ್ನು ಟೀಕಿಸಿದ್ದು ಇದೇ ಕಾರಣಕ್ಕೆ. ನನ್ನ ಮನೆಯ 72 ಚದರಡಿಯ ಕೋಣೆಗೆ ಅಷ್ಟು ಯೋಚನೆಯ ಹಿನ್ನೆಲೆಯೂ ಇರಲಿಲ್ಲ. ನನ್ನ ಹೆಂಡತಿ ದಿನಕ್ಕೆ ಐದು ಗಂಟೆ ಅಲ್ಲಿ ಗೋಡೆ ನೋಡುತ್ತ ನಿಂತಳು. ವರ್ಷಕ್ಕೆ ನಾಲ್ಕಾರು ಬಾರಿ ತುಂಬುತ್ತಿದ್ದ ಪಡಸಾಲೆ ಉಳಿದ ದಿನಗಳಲ್ಲಿ ಸೋಫಾದ ಹೊದಿಕೆಯ ಮಡಿಕೆ ಕೆಡದಂತೆ ಖಾಲಿಯಾಗಿತ್ತು.

ದೊಡ್ಡ ಪಡಸಾಲೆ, ಸಣ್ಣ ಕೋಣೆ

ಅತಿಥಿಸತ್ಕಾರಕ್ಕೆ ದೊಡ್ಡ ಪಡಸಾಲೆ ಬೇಡವೇ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಗೆ ಎರಡು ಉತ್ತರಗಳು ನನಗೆ ಹೊಳೆಯುತ್ತವೆ.

ಒಂದು, ಲೋಕವ್ಯವಹಾರದ್ದು. ಬ್ರಿಟನ್ನಿನ ಸಂಸತ್ತಿನ ಕಾಮನ್ಸ್ ಸಭಾಂಗಣ 1941ರ ಬಾಂಬ್ ದಾಳಿಯಲ್ಲಿ ನಾಶವಾಯಿತು. ಅದನ್ನು ಮತ್ತೆ ಕಟ್ಟುವ ಪ್ರಶ್ನೆ 1943ರಲ್ಲಿ ಬಂದಾಗ, ಪ್ರಧಾನಿ ಚರ್ಚಿಲ್ ಎಲ್ಲ ಸದಸ್ಯರಿಗೂ ಆಸನವಿರುವಷ್ಟು ದೊಡ್ಡದಾಗಿ ಅದನ್ನು ಕಟ್ಟಬಾರದೆಂದು ವಾದಿಸಿದರು. ಅಷ್ಟು ದೊಡ್ಡದಾದರೆ ದಿನನಿತ್ಯದ ಚರ್ಚೆಗಳು ಬರಿದಾದ ಸಭಾಂಗಣದಲ್ಲಿ ಕಳೆಗುಂದುತ್ತವೆ, ಚಿಕ್ಕದಾದರೆ ಜನ ಹತ್ತಿರ ಕುಳಿತು ಮಾತಾಡುತ್ತಾರೆ ಎಂಬುದು ಅವರ ಆಲೋಚನೆ. 1950ರಲ್ಲಿ ತೆರೆದ ಹೊಸ ಸಭಾಂಗಣ ಹಾಗೆಯೇ ಚಿಕ್ಕದಾಗಿ ಉಳಿಯಿತು. ಒಂದು ದೇಶದ ಸಂಸತ್ತಿಗೇ ಅಪರೂಪದ ಜನಸಂದಣಿಗಿಂತ ಪ್ರತಿದಿನದ ಮಾತುಕತೆ ಮುಖ್ಯವೆನಿಸಿದರೆ, ನಾಲ್ಕು ಜನರ ಮನೆಗೆ ಹೇಗಿರಬೇಕು?

ಇನ್ನೊಂದು, ಪವಿತ್ರ ಗ್ರಂಥದ್ದು. ಅರಸುಗಳ ಎರಡನೆಯ ಗ್ರಂಥದ ನಾಲ್ಕನೆಯ ಅಧ್ಯಾಯದಲ್ಲಿ ಶೂನೇಮಿನ ಒಬ್ಬ ಗೃಹಿಣಿಯ ಪ್ರಸಂಗವಿದೆ. ಪ್ರವಾದಿ ಎಲೀಷ ಆಗಾಗ ಆ ದಾರಿಯಲ್ಲಿ ಹಾದುಹೋಗುವುದನ್ನು ಆಕೆ ಗಮನಿಸಿ, ಗಂಡನೊಡನೆ ಮಾತಾಡಿ, ಮಾಳಿಗೆಯ ಮೇಲೆ ಒಂದು ಚಿಕ್ಕ ಕೋಣೆ ಕಟ್ಟಿಸುತ್ತಾಳೆ. ಅದರಲ್ಲಿ ಇಟ್ಟದ್ದು ಮಂಚ, ಮೇಜು, ಕುರ್ಚಿ, ದೀಪ. ಅಷ್ಟೇ. ಆಕೆ ಧನಿಕಳು, ದೊಡ್ಡದನ್ನೇ ಕಟ್ಟಿಸಬಹುದಾಗಿತ್ತು. ಆದರೆ ನಡೆದು ದಣಿದ, ಏಕಾಂತವನ್ನು ಬಯಸುವ ಒಬ್ಬ ಮನುಷ್ಯನಿಗೆ ಏನು ಬೇಕು ಎಂಬುದನ್ನು ಆಕೆ ಕಂಡುಕೊಂಡಿದ್ದಳು. ಅತಿಥಿಸತ್ಕಾರವೆಂದರೆ ಆ ಕಾಣ್ಕೆ. ಎಲೀಷನಿಗೆ ಮಾಳಿಗೆಯ ಕೋಣೆ ಸರಿಯಾದದ್ದೇ, ಏಕೆಂದರೆ ಅವನು ಹಾದುಹೋಗುವವನು. ಮನೆಯಲ್ಲೇ ಬಾಳಬೇಕಾದ, ಮಂಡಿ ಸೋತ ತಾಯಿಗೆ ಅದೇ ಕೋಣೆ ಬೇರೊಂದು ಅರ್ಥ ಕೊಡುತ್ತದೆ. ಕೋಣೆ ಒಳ್ಳೆಯದೋ ಕೆಟ್ಟದ್ದೋ ಎಂಬುದು ಅದರಲ್ಲಿ ಯಾರು ಇರುತ್ತಾರೆ ಎಂಬುದನ್ನು ಬಿಟ್ಟು ತೀರ್ಮಾನವಾಗದು.

ಬದುಕಿಗೆ ತಕ್ಕ ಮನೆಯೋ, ಮನೆಗೆ ತಕ್ಕ ಬದುಕೋ?

‘ಜೀವನಶೈಲಿಗೆ ಹೊಂದುವ ಮನೆ’ ಎಂಬ ಮಾತಿನಲ್ಲಿ ಇನ್ನೂ ಒಂದು ತೊಡಕಿದೆ. ನಮ್ಮ ಈಗಿನ ಜೀವನಶೈಲಿ ಸರಿಯಾಗಿದೆ ಎಂಬುದನ್ನು ಅದು ವಿಚಾರಿಸದೆ ಒಪ್ಪಿಕೊಂಡುಬಿಡುತ್ತದೆ. ಸಂಜೆಯಾದರೆ ಒಬ್ಬೊಬ್ಬರು ಒಂದೊಂದು ಮೂಲೆಯಲ್ಲಿ ಮೊಬೈಲು ಹಿಡಿದು ಕೂರುವುದೇ ನಮ್ಮ ಶೈಲಿಯಾದರೆ, ಎಲ್ಲ ಸೌಕರ್ಯಗಳೂ ಒಳಗೇ ಇರುವ ನಾಲ್ಕು ಪ್ರತ್ಯೇಕ ಕೋಣೆಗಳ ನಕ್ಷೆ ಅದಕ್ಕೆ ಬಹಳ ಚೆನ್ನಾಗಿ ಹೊಂದುತ್ತದೆ. ಆಮೇಲೆ ಆ ಅಭ್ಯಾಸಕ್ಕೆ ಕಾಂಕ್ರೀಟಿನ ಬೆಂಬಲ ಸಿಕ್ಕಂತಾಗುತ್ತದೆ. ಅಭ್ಯಾಸವನ್ನು ಒಂದು ತಪಸ್ಸುಕಾಲದಲ್ಲಿ ತಿದ್ದಿಕೊಳ್ಳಬಹುದು, ಗೋಡೆಯನ್ನು ಅಷ್ಟು ಸುಲಭವಾಗಿ ತಿದ್ದಲಾಗದು. ಆದ್ದರಿಂದ ಕಟ್ಟುವವನು ‘ನಾವು ಹೇಗಿದ್ದೇವೆ’ ಎಂದಷ್ಟೇ ಅಲ್ಲ, ‘ನಾವು ಹೇಗೆ ಬಾಳಬಯಸುತ್ತೇವೆ’ ಎಂದೂ ಕೇಳಿಕೊಳ್ಳಬೇಕು.

ಮೇಲಾಗಿ ಜೀವನಶೈಲಿ ಹತ್ತು ವರ್ಷಕ್ಕೊಮ್ಮೆ ಬದಲಾಗುತ್ತದೆ, ಮನೆ ಐವತ್ತು ವರ್ಷ ನಿಲ್ಲುತ್ತದೆ. ಇಂದು ತೊಟ್ಟಿಲಿಟ್ಟ ಕೋಣೆಯಲ್ಲಿ ನಾಳೆ ಪರೀಕ್ಷೆಗೆ ಓದುವ ಮಗನಿರುತ್ತಾನೆ, ನಾಳಿದ್ದು ಆ ಕೋಣೆ ಖಾಲಿಯಾಗುತ್ತದೆ. 2020 ಮತ್ತು 2021ರ ಕೊರೋನಾ ಕಾಲದಲ್ಲಿ ಮನೆಯೇ ಶಾಲೆಯೂ ಕಚೇರಿಯೂ ಆಸ್ಪತ್ರೆಯೂ ಆದದ್ದನ್ನು ನಾವೆಲ್ಲರೂ ಕಂಡೆವು. ರೋಗಿಗೊಂದು ಪ್ರತ್ಯೇಕ ಕೋಣೆ, ಅದಕ್ಕೊಂದು ಶೌಚಾಲಯ, ಮಗುವಿಗೆ ಪಾಠ ಕೇಳಲು ಒಂದು ಸದ್ದಿಲ್ಲದ ಮೂಲೆ, ಇವು ಐಷಾರಾಮವಲ್ಲವೆಂದು ಆಗ ತಿಳಿಯಿತು. ಕೂಡಿಬಾಳುವ ಮನೆಯೆಂದರೆ ಏಕಾಂತವೇ ಇಲ್ಲದ ಮನೆಯಲ್ಲ. ಒಬ್ಬೊಬ್ಬರಿಗೂ ಮುಚ್ಚಿಕೊಳ್ಳಲು ಒಂದು ಬಾಗಿಲಿರಬೇಕು. ಆ ಬಾಗಿಲು ತೆರೆದರೆ ಇನ್ನೊಬ್ಬರ ಮುಖ ಕಾಣಬೇಕು.

ಕೇರಳದ ತಿರುವನಂತಪುರದಲ್ಲಿ ನೆಲೆಸಿ 2007ರಲ್ಲಿ ತೀರಿಕೊಂಡ ಲಾರಿ ಬೇಕರ್ ಅವರ ಹೆಸರನ್ನು ಮನೆ ಕಟ್ಟುವವರೆಲ್ಲರೂ ಒಮ್ಮೆ ನೆನೆಯಬೇಕು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದ ಈ ಕ್ವೇಕರ್ ಕ್ರೈಸ್ತರು 1945ರಲ್ಲಿ ಕುಷ್ಠರೋಗಿಗಳ ಆಸ್ಪತ್ರೆಗಳ ಕಟ್ಟಡದ ಕೆಲಸಕ್ಕಾಗಿ ಭಾರತಕ್ಕೆ ಬಂದರು. ಮುಂದೆ ಇಲ್ಲಿಯ ನಾಗರಿಕರೇ ಆದರು, 1990ರಲ್ಲಿ ಪದ್ಮಶ್ರೀ ಗೌರವ ಪಡೆದರು. ಮನೆಯ ಸಾಮಗ್ರಿ ಐದು ಮೈಲಿಯೊಳಗೆ ಸಿಗುವಂಥದ್ದಾಗಿರಬೇಕೆಂಬ ಗಾಂಧೀಜಿಯವರ ವಿಚಾರ ಅವರ ಮೇಲೆ ಆಳವಾದ ಪ್ರಭಾವ ಬೀರಿತು. ಖರ್ಚು ತಗ್ಗಿಸುವ ಬಗೆಯನ್ನು ಚಿತ್ರಗಳೊಡನೆ ವಿವರಿಸುವ ಪುಟ್ಟ ಪುಸ್ತಕಗಳನ್ನು ಅವರು ಸಾಮಾನ್ಯರಿಗಾಗಿ ಬರೆದರು. ಅವರ ಎಲ್ಲ ಉಪದೇಶದ ಹಿಂದೆ ಇದ್ದದ್ದು ‘ಇದು ನಿಜವಾಗಿಯೂ ಅಗತ್ಯವೇ?’ ಎಂಬ ಒಂದೇ ಪ್ರಶ್ನೆ.

ಈ ಪ್ರಶ್ನೆಯನ್ನು ಹಿಡಿದುಕೊಂಡು ನಾನು ಮತ್ತು ಆ ಎಳೆಯ ದಂಪತಿಗಳು ಅಂದು ಮಧ್ಯಾಹ್ನ ಒಂದು ಕೆಲಸ ಮಾಡಿದೆವು. ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಬೆಳಗಿನ ಐದರಿಂದ ರಾತ್ರಿ ಹತ್ತರವರೆಗೆ ಮನೆಯ ಒಬ್ಬೊಬ್ಬರನ್ನೂ ಬೆರಳಿನಿಂದ ಅದರ ಮೇಲೆ ನಡೆಸಿದೆವು. ಮೊದಲು ಏಳುವವರು ಯಾರು, ಅವರು ದೀಪ ಹಾಕಿದರೆ ಯಾರ ನಿದ್ದೆ ಕೆಡುತ್ತದೆ? ಪಾತ್ರೆ ತೊಳೆಯುವವರಿಗೆ ಎದುರಿಗೆ ಕಿಟಕಿಯೋ ಗೋಡೆಯೋ? ಒದ್ದೆ ಕೊಡೆ, ಕೆಸರಿನ ಚಪ್ಪಲಿ ಎಲ್ಲಿ? ಸಂಜೆಯ ಪ್ರಾರ್ಥನೆಗೆ ಎಲ್ಲರೂ ಒಟ್ಟಿಗೆ ಕೂರುವ ಜಾಗ ಯಾವುದು? ಕಾಲು ಮುರಿದವನು ಮೆಟ್ಟಿಲಿಲ್ಲದೆ ಹಾಸಿಗೆಗೂ ಶೌಚಾಲಯಕ್ಕೂ ಹೋಗಬಲ್ಲನೇ? ಬಚ್ಚಲುಮನೆಗೆ ಎರಡೂವರೆ ಅಡಿಯ ಬಾಗಿಲಿಡುವುದು ನಮ್ಮಲ್ಲಿ ವಾಡಿಕೆ. ಗಾಲಿಕುರ್ಚಿ ಸಲೀಸಾಗಿ ಹೋಗಬೇಕಾದರೆ ಮೂರಡಿ ಬೇಕು. ಒಂದಡಿ ಏರಲು ಹನ್ನೆರಡು ಅಡಿಯ ಇಳಿಜಾರು ಬೇಕೆಂಬುದು ಲೆಕ್ಕ. ಮನೆಯ ನೆಲ ಬೀದಿಗಿಂತ ಒಂದೂವರೆ ಅಡಿ ಎತ್ತರವಿದ್ದರೆ ಹದಿನೆಂಟು ಅಡಿಯ ಇಳಿಜಾರು. ನಲವತ್ತು ಅಡಿ ಉದ್ದದ ನಿವೇಶನದಲ್ಲಿ ಇದನ್ನು ಆಮೇಲೆ ಹುಡುಕಿದರೆ ಸಿಗುವುದಿಲ್ಲ, ಮೊದಲೇ ಯೋಚಿಸಬೇಕು. ಕಂಬ ತೊಲೆಗಳ ಮೇಲೆ ಭಾರ ನಿಲ್ಲುವ ಮನೆಯಾದರೆ ಒಳಗಿನ ಗೋಡೆಯನ್ನು ಮುಂದೆ ಬದಲಾಯಿಸಬಹುದು, ಗೋಡೆಯೇ ಭಾರ ಹೊರುವ ಮನೆಯಲ್ಲಿ ಅದು ಕಷ್ಟ. ಇದನ್ನೂ ಎಂಜಿನಿಯರನ್ನು ಕೇಳಿ ತಿಳಿದುಕೊಳ್ಳುವಂತೆ ಹೇಳಿದೆ.

ಸೊಸೆ ಸಂಕೋಚದಿಂದಲೇ ತನ್ನ ಕಷ್ಟ ಹೇಳಿದಳು: “ಮಾವ, ನಾನು ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ ಮಾಡಬೇಕು. ಆಫೀಸ್ ಕೋಣೆ ಶೋಕಿಗಲ್ಲ.” ಅದು ನಿಜ. ಒಬ್ಬರ ಅಗತ್ಯಕ್ಕಾಗಿ ಇನ್ನೊಬ್ಬರ ಅಗತ್ಯವನ್ನು ಹೊಸಕುವುದು ಪರಿಹಾರವಲ್ಲ. ಚದರಡಿಗಳು ಸೀಮಿತವಾದಾಗ ಬಿಟ್ಟುಕೊಡಬೇಕಾದದ್ದು ಯಾರ ಅಗತ್ಯವೂ ಅಲ್ಲದ ಜಾಗವನ್ನು, ಅಂದರೆ ನೋಡುವವರಿಗಾಗಿ ಕಟ್ಟುವ ಜಾಗವನ್ನು. “ನೀನು ನಿಮ್ಮ ಅತ್ತೆಯವರನ್ನು ಕೇಳಿದೆಯೇನಮ್ಮ, ಅವರಿಗೆ ಏನು ಬೇಕೆಂದು?” ಎಂದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನೂ ನನ್ನ ತಾಯಿಯನ್ನು ಕೇಳಿರಲಿಲ್ಲ.

ಮಾಳಿಗೆಗೆ ಕೈಪಿಡಿಗೋಡೆ

ಧರ್ಮೋಪದೇಶಕಾಂಡದ ಇಪ್ಪತ್ತೆರಡನೆಯ ಅಧ್ಯಾಯದ ಎಂಟನೆಯ ವಚನದಲ್ಲಿ ಮನೆ ಕಟ್ಟುವವನಿಗೆ ಒಂದು ನಿಯಮವಿದೆ. ಹೊಸ ಮನೆಯ ಮಾಳಿಗೆಯ ಸುತ್ತ ಕೈಪಿಡಿಗೋಡೆ ಕಟ್ಟಬೇಕು, ಕಟ್ಟದೆ ಯಾರಾದರೂ ಬಿದ್ದು ಸತ್ತರೆ ಆ ರಕ್ತಾಪರಾಧ ಮನೆಯವರದು. ಯಾರು ಬೀಳಬಹುದು ಎಂದು ಆ ನಿಯಮ ಹೆಸರು ಹೇಳುವುದಿಲ್ಲ. ಮಗುವಾಗಿರಬಹುದು, ನೆಂಟನಾಗಿರಬಹುದು, ಕೂಲಿಯವನಾಗಿರಬಹುದು. ಇನ್ನೂ ಬಂದಿರದ, ಬಲವಿಲ್ಲದ ಆ ಒಬ್ಬನನ್ನು ಮೊದಲೇ ನೆನೆದು ಕಟ್ಟು ಎಂಬುದೇ ಅದರ ತಾತ್ಪರ್ಯ. ಮನೆಯ ನಕ್ಷೆಗೆ ಇದಕ್ಕಿಂತ ದೊಡ್ಡ ನೀತಿಯನ್ನು ನಾನು ಕಂಡಿಲ್ಲ. ಮನೆಯಲ್ಲಿ ಅತ್ಯಂತ ದುರ್ಬಲರು ಯಾರೋ ಅವರ ಹೆಜ್ಜೆಯಿಂದ ಅಳತೆ ತೊಡಗಬೇಕು. ಅವರಿಗೆ ಒಪ್ಪಿದ ಮನೆ ಉಳಿದವರಿಗೆ ತಾನಾಗಿಯೇ ಒಪ್ಪುತ್ತದೆ. ಇಂದು ಬಲಶಾಲಿಗಳಾಗಿರುವ ನಾವೂ ಒಂದು ದಿನ ಆ ದುರ್ಬಲರ ಸಾಲಿಗೆ ಬರುವವರೇ.

ಮೂರು ವಾರಗಳ ನಂತರ ಹುಡುಗ ಮೂರನೆಯ ನಕ್ಷೆ ತಂದ. ಪಡಸಾಲೆ ನಾಲ್ಕು ಅಡಿ ಕಿರಿದಾಗಿತ್ತು. ಆಫೀಸ್ ಕೋಣೆ ತಾರಸಿಯ ಪಕ್ಕಕ್ಕೆ, ಗೆಸ್ಟ್ ರೂಮ್ ಇದ್ದಲ್ಲಿಗೆ ಹೋಗಿತ್ತು. ಅದರ ಹಳೆಯ ಜಾಗದಲ್ಲಿ, ನೆಲಮಟ್ಟದಲ್ಲಿ, ಮೂರಡಿಯ ಬಾಗಿಲಿನ ಬಚ್ಚಲುಮನೆಯೊಡನೆ ಒಂದು ಕೋಣೆ. ಅದರ ಮೇಲೆ ಸೊಸೆಯ ಕೈಬರಹದಲ್ಲಿ ‘ಅಮ್ಮ’ ಎಂದು ಬರೆದಿತ್ತು. ಅವರು ಊರಿಗೆ ಹೋಗಿ ಕೇಳಿದ್ದರಂತೆ. ಅಮ್ಮ ಮೊದಲು “ನನಗೇನು ಬೇಕು, ನೀವು ಹೇಗೆ ಕಟ್ಟಿದರೂ ಸರಿ” ಎಂದಿದ್ದರು. ಎರಡನೆಯ ಸಲ ಕೇಳಿದಾಗ, “ಬೀದಿ ಕಾಣುವ ಹಾಗೆ ಒಂದು ಕಿಟಕಿ ಇರಲಿ, ಬಾಗಿಲ ಮುಂದೆ ಕೂರುವುದಕ್ಕೆ ಒಂದು ಚಿಕ್ಕ ಜಗಲಿ ಇರಲಿ” ಎಂದರು. ಒಟ್ಟು ಹನ್ನೆರಡು ಚದರಡಿ.

ಪ್ರಿಯ ಓದುಗರೇ, ನಿಮ್ಮಲ್ಲಿ ಯಾರಾದರೂ ಈ ವರ್ಷ ಮನೆ ಕಟ್ಟಿಸುವವರಿದ್ದರೆ, ಬಾಡಿಗೆಗೆ ಮನೆ ಹುಡುಕುವವರಿದ್ದರೆ, ಇರುವ ಮನೆಯಲ್ಲೇ ಮಂಚ ಮೇಜುಗಳನ್ನು ಬೇರೆಡೆ ಸರಿಸುವ ಯೋಚನೆಯಲ್ಲಿದ್ದರೆ, ಒಪ್ಪಿಗೆ ಕೊಡುವ ಮೊದಲು ಮನೆಯಲ್ಲಿ ಅತ್ಯಂತ ಕಡಿಮೆ ಮಾತಾಡುವವರ ಬಳಿ ಹೋಗಿ ಕುಳಿತು ಕೇಳಿ. ಮೊದಲ ಸಲ ಅವರು ಏನೂ ಬೇಡವೆನ್ನುತ್ತಾರೆ. ಎರಡನೆಯ ಸಲವೂ ಕೇಳಿ.